ಹಿತ್ತಲಿನ ಸಾರ ಎಲ್ಲಿಂದ ಬರುತ್ತಿತ್ತು

ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯ ಹಳೆಯ ಮನೆಗಳಲ್ಲಿ, ಅಡುಗೆಮನೆಯ ಹಿಂದೆ ಬಾವಿಕಟ್ಟೆಗೆ ತಾಗಿಕೊಂಡು ತರಕಾರಿ ಬೆಳೆಯುತ್ತಿದ್ದ ಜಾಗದ ಮಣ್ಣು ಕಪ್ಪಗೆ, ಹಗುರವಾಗಿ, ಬರಿಗೈಯಲ್ಲಿ ಕೆದಕಬಹುದಾದಷ್ಟು ಸಡಿಲವಾಗಿ ಇರುತ್ತಿತ್ತು. ಅಲ್ಲಿಂದ ಹತ್ತು ಹೆಜ್ಜೆ ಗುಡ್ಡದ ಕಡೆಗೆ ಹೋಗಿ ಅಗೆದರೆ ಹಾರೆಯನ್ನೇ ಹಿಂದಕ್ಕೆ ಚಿಮ್ಮಿಸುವ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಸಿಗುತ್ತಿತ್ತು. ಎರಡೂ ಒಂದೇ ನೆಲ, ಎರಡರ ಮೇಲೂ ಬಿದ್ದದ್ದು ಒಂದೇ ಮಳೆ. ಹಿತ್ತಲಿನ ಮಣ್ಣು ಬೇರೆಯಾಗಿ ಕಂಡದ್ದು ತಲೆಮಾರುಗಳಿಂದ ಅಲ್ಲಿಗೆ ಹೊತ್ತು ಹಾಕಿದ ಸೊಪ್ಪು, ಹಟ್ಟಿಗೊಬ್ಬರ ಮತ್ತು ಬೂದಿಯಿಂದ. ಆ ಹೊರೆಗಳು ಬರುವುದು ನಿಂತ ಮೇಲೆ ಮಣ್ಣು ತನ್ನ ಮೂಲದ ಬಣ್ಣಕ್ಕೂ ಬಡತನಕ್ಕೂ ಮರಳಲು ಹೆಚ್ಚು ವರ್ಷ ಬೇಕಾಗುವುದಿಲ್ಲ. ನಮ್ಮ ಮನೆಯ ಹಿತ್ತಲು ಹೀಗೆ ಬರಡಾದದ್ದನ್ನು ನೋಡಿ, ಅದನ್ನು ಮತ್ತೆ ಬೆಳೆ ಕೊಡುವ ನೆಲವಾಗಿಸಲು ಕೆಲವು ವರ್ಷಗಳಿಂದ ಮಾಡುತ್ತಿರುವ ಕೆಲಸದ ಬಗ್ಗೆ, ಆ ಕೆಲಸದ ಹಿಂದಿನ ಕಾರಣಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಈ ಮಣ್ಣಿನ ಸ್ವಭಾವವನ್ನು ಅರ್ಥಮಾಡಿಕೊಳ್ಳಬೇಕು. ಮುರಕಲ್ಲಿನ ಮಣ್ಣು ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಸಿಕ್ಕಿ ತೊಳೆದುಹೋದ ಮಣ್ಣು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳು ನೀರಿನೊಂದಿಗೆ ಇಳಿದು ಹೋಗಿ, ಕರಗದೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳೇ ಇದರಲ್ಲಿ ಪ್ರಧಾನ. ಕೆಂಪು ಬಣ್ಣ ಕೂಡ ಆ ಕಬ್ಬಿಣದ್ದೇ. ಉಳಿದ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದು. ಪೋಷಕಾಂಶಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಬೇರಿಗೆ ಬೇಕಾದಾಗ ಬಿಟ್ಟುಕೊಡುವ ಶಕ್ತಿ ಇದಕ್ಕೆ ಬಹಳ ಕಡಿಮೆ. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿರುವ ಜೇಡಿಗೆ ಈ ಶಕ್ತಿ ಇದರ ಹತ್ತು ಪಟ್ಟಿನಷ್ಟು ಇರುತ್ತದೆ. ಕೊಳೆತ ಸೊಪ್ಪುಸದೆಯಿಂದ ಉಂಟಾಗುವ ಹ್ಯೂಮಸ್ಸಿಗೆ ಎರೆಮಣ್ಣಿನ ಜೇಡಿಗಿಂತಲೂ ಹೆಚ್ಚು. ಆದ್ದರಿಂದ ಬಯಲುಸೀಮೆಯ ಕಪ್ಪು ನೆಲದಲ್ಲಿ ಸಾವಯವ ಅಂಶ ಕಡಿಮೆಯಾದರೂ ಜೇಡಿಯೇ ಒಂದಿಷ್ಟು ಕಾಪಾಡಿಕೊಳ್ಳುತ್ತದೆ, ನಮ್ಮಲ್ಲಿ ಹ್ಯೂಮಸ್ಸೇ ಉಗ್ರಾಣ, ಅದು ಖಾಲಿಯಾದರೆ ಹಾಕಿದ ಗೊಬ್ಬರವನ್ನು ಹಿಡಿದಿಡುವುದಕ್ಕೆ ಬೇರೆ ಏನೂ ಉಳಿಯುವುದಿಲ್ಲ.

ಇದರ ಮೇಲೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ನೀರು ಇಳಿದು ಹೋಗುವಾಗ ನೈಟ್ರೇಟ್ ರೂಪದ ಸಾರಜನಕವನ್ನೂ ಪೊಟ್ಯಾಷನ್ನೂ ಬೋರಾನನ್ನೂ ಒಯ್ಯುತ್ತದೆ. ರಂಜಕ ಮಾತ್ರ ಹೋಗುವುದಿಲ್ಲ, ಆದರೆ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಹಿಡಿತಕ್ಕೆ ಸಿಕ್ಕಿ ಬೇರಿಗೆ ದಕ್ಕದಂತಾಗುತ್ತದೆ. ಬೆಚ್ಚಗಿನ ತೇವದ ಹವೆಯಲ್ಲಿ ಸೂಕ್ಷ್ಮಜೀವಿಗಳು ವರ್ಷವಿಡೀ ಕೆಲಸ ಮಾಡುವುದರಿಂದ ಹಾಕಿದ ಗೊಬ್ಬರ ಕರಗುವುದೂ ಬೇಗ. ತಂಪು ದೇಶಗಳ ತೋಟಗಾರಿಕೆಯ ಪುಸ್ತಕಗಳಲ್ಲಿ ಒಮ್ಮೆ ಚೆನ್ನಾಗಿ ಗೊಬ್ಬರ ಹಾಕಿದರೆ ಹಲವು ವರ್ಷ ಮಣ್ಣು ಅದನ್ನು ಇಟ್ಟುಕೊಳ್ಳುತ್ತದೆ ಎಂದು ಓದಿ ಇಲ್ಲಿ ಹಾಗೆ ನಿರೀಕ್ಷಿಸುವುದು ಸಲ್ಲದು. ನಮ್ಮ ಹಿತ್ತಲಿನ ಫಲವತ್ತತೆಯನ್ನು ಒಂದು ಸಲ ತುಂಬಿಸಿ ಬಿಡಲಾಗುವುದಿಲ್ಲ, ಅದು ಪ್ರತಿವರ್ಷ ಹೊರಗಿನಿಂದ ಬರುತ್ತಲೇ ಇರಬೇಕು ಎಂಬುದು ನನಗೆ ಇಷ್ಟು ದಿನಗಳ ಕೆಲಸದಿಂದ ಸ್ಪಷ್ಟವಾದ ಸಂಗತಿ.

ಹಿಂದೆ ಅದು ಹೇಗೆ ಬರುತ್ತಿತ್ತು ಎಂಬುದನ್ನು ನೆನೆದರೆ ಏನು ಕಳೆದುಹೋಯಿತು ಎಂಬುದರ ಲೆಕ್ಕ ಸಿಗುತ್ತದೆ. ಕುಮ್ಕಿ ಜಾಗದಿಂದ (ಸಾಗುವಳಿ ನೆಲಕ್ಕೆ ತಾಗಿದ, ಸೊಪ್ಪು ತರುವ ಹಕ್ಕಿದ್ದ ಸರಕಾರಿ ಜಾಗ), ಗುಡ್ಡದಿಂದ ಹಸಿ ಸೊಪ್ಪಿನ ಹೊರೆಗಳು ಹಟ್ಟಿಗೆ ಬರುತ್ತಿದ್ದವು. ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದ ಅಡಿಕೆ ತೋಟಗಳಿಗೆ ಇದೇ ಕೆಲಸವನ್ನು ಸೊಪ್ಪಿನಬೆಟ್ಟಗಳು ಮಾಡುತ್ತಿದ್ದವು, ಒಂದು ಎಕರೆ ತೋಟಕ್ಕೆ ಹಲವು ಎಕರೆ ಬೆಟ್ಟ ಬೇಕಾಗುತ್ತಿತ್ತು. ಹಟ್ಟಿಯಲ್ಲಿ ದನಗಳ ಕಾಲಡಿಗೆ ಪ್ರತಿದಿನ ಹಾಸಿದ ಸೊಪ್ಪು ಸಗಣಿಯೊಂದಿಗೆ ತುಳಿದು ಬೆರೆತು ಗಂಜಲವನ್ನೆಲ್ಲ ಹೀರಿಕೊಳ್ಳುತ್ತಿತ್ತು. ಈ ಹಾಸು ಸಣ್ಣ ವಿಷಯವಲ್ಲ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಮತ್ತು ಪೊಟ್ಯಾಷಿನ ಬಹುಪಾಲು ಇರುವುದು ಗಂಜಲದಲ್ಲಿ. ಸಿಮೆಂಟು ನೆಲದ ಹಟ್ಟಿಯಲ್ಲಿ ಅದು ನೀರಿನೊಂದಿಗೆ ಚರಂಡಿಗೆ ಹೋಗುತ್ತದೆ, ಬರೀ ಸಗಣಿಯನ್ನು ರಾಶಿ ಹಾಕಿ ಒಣಗಿಸಿದ್ದನ್ನು ನಾವು ಗೊಬ್ಬರವೆಂದು ಕೊಳ್ಳುತ್ತೇವೆ. ಹಳೆಯ ಹಟ್ಟಿಗೊಬ್ಬರಕ್ಕೂ ಇಂದು ಲಾರಿಯಲ್ಲಿ ಬರುವ ಒಣ ಸಗಣಿಗೂ ಹೆಸರು ಒಂದೇ ಆದರೂ ಗುಣ ಒಂದಲ್ಲ.

ಬಚ್ಚಲೊಲೆಯ ಬೂದಿ ಇನ್ನೊಂದು ದಾರಿ. ದಿನಾಲು ಸ್ನಾನದ ನೀರು ಕಾಯಿಸುತ್ತಿದ್ದ ಹಂಡೆಯ ಕೆಳಗೆ ತೆಂಗಿನ ಮಡಲು, ಸಿಪ್ಪೆ, ಗೆರಟೆ ಉರಿದು ಉಳಿದ ಬೂದಿ ಬಸಳೆಯ ಬುಡಕ್ಕೆ, ತೊಂಡೆಯ ಬುಡಕ್ಕೆ, ಹರಿವೆಯ ಸಾಲಿಗೆ ಹೋಗುತ್ತಿತ್ತು. ಬೂದಿಯಲ್ಲಿ ಪೊಟ್ಯಾಷ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಅದರಲ್ಲಿ ಸುಣ್ಣದ ಅಂಶವೂ ಇದೆ ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಯಾರೂ ಸುಣ್ಣ ಹಾಕಬೇಕೆಂದು ಹಾಕದಿದ್ದರೂ ಹಿತ್ತಲಿನ ಮಣ್ಣಿನ ಹುಳಿ, ಅಂದರೆ ಆಮ್ಲೀಯತೆ, ಬೂದಿಯಿಂದಲೇ ತಗ್ಗುತ್ತಿತ್ತು. ಗ್ಯಾಸ್ ಮತ್ತು ಸೋಲಾರ್ ಹೀಟರ್ ಬಂದದ್ದು ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ದೊಡ್ಡ ಬಿಡುಗಡೆ. ಅದನ್ನು ನಾನು ಎಂದೂ ನಷ್ಟದ ಪಟ್ಟಿಗೆ ಸೇರಿಸಲಾರೆ. ಆದರೆ ಅದರೊಂದಿಗೆ ಹಿತ್ತಲಿಗೆ ಬರುತ್ತಿದ್ದ ಸುಣ್ಣವೂ ಪೊಟ್ಯಾಷೂ ನಿಂತವು, ಅವುಗಳ ಜಾಗಕ್ಕೆ ಬೇರೇನನ್ನೂ ನಾವು ತರಲಿಲ್ಲ. ಅದೇ ಹೊತ್ತಿಗೆ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳ ಮೇಲೆ ರಬ್ಬರ್ ಹಬ್ಬಿತು, ಸೊಪ್ಪು ತರುವ ಕೈಗಳು ಕಡಿಮೆಯಾದವು, ದನಗಳು ಹೋದವು.

ಮತ್ತೊಂದು ಪದ್ಧತಿಯ ಬಗ್ಗೆ ನನಗೆ ಗೌರವವೂ ಇದೆ, ಆಕ್ಷೇಪವೂ ಇದೆ. ಅದು ಸುಡುಮಣ್ಣು. ಬೇಸಿಗೆಯಲ್ಲಿ ಒಣ ಎಲೆ, ಕಡ್ಡಿ, ಕೆತ್ತಿದ ಹುಲ್ಲು, ಮೇಲ್ಮಣ್ಣು ಇವನ್ನು ಪದರಪದರವಾಗಿ ರಾಶಿ ಹಾಕಿ ಬೆಂಕಿ ಕೊಟ್ಟರೆ ಅದು ಜ್ವಾಲೆಯಿಲ್ಲದೆ ಕೆಲವು ದಿನ ಒಳಗೊಳಗೇ ಉರಿಯುತ್ತದೆ. ಹೀಗೆ ಸುಟ್ಟ ಮಣ್ಣಿನಲ್ಲಿ ಕಳೆಯ ಬೀಜವೂ ಬೇರನ್ನು ಕಾಡುವ ಜಂತುಹುಳುಗಳೂ (ನೆಮಟೋಡ್) ಸಾಯುತ್ತವೆ, ಸಾವಯವ ರೂಪದಲ್ಲಿದ್ದ ರಂಜಕ ಬೇರಿಗೆ ದಕ್ಕುವಂತಾಗುತ್ತದೆ, ಬೂದಿಯಿಂದ ಹುಳಿ ತಗ್ಗುತ್ತದೆ, ಜೇಡಿ ಬೆಂದು ಸಣ್ಣ ಹರಳುಗಳಾಗಿ ನೀರು ಬಸಿಯುವುದು ಸುಲಭವಾಗುತ್ತದೆ. ಮಳೆಗಾಲದ ಬೆಂಡೆ, ಹೀರೆ, ಪಡುವಲಗಳ ಬೀಜ ಹಾಕುವ ಗುಂಡಿಗೆ ಒಂದು ಬುಟ್ಟಿ ಸುಡುಮಣ್ಣು ಹಾಕಿದರೆ ಸಸಿ ಎದ್ದು ನಿಲ್ಲುವ ರೀತಿಯೇ ಬೇರೆ. ಆದರೆ ಆ ಬೆಂಕಿಯಲ್ಲಿ ಎಲೆಯಲ್ಲಿದ್ದ ಸಾರಜನಕ ಬಹುತೇಕ ಗಾಳಿಗೆ ಹೋಗುತ್ತದೆ, ಇಂಗಾಲವೂ ಹೋಗುತ್ತದೆ. ಗುಡ್ಡದಿಂದ ಬೇಕಾದಷ್ಟು ಸೊಪ್ಪು ಬರುತ್ತಿದ್ದ ಕಾಲಕ್ಕೆ ಅದು ಹೊರೆಯಾಗಿರಲಿಲ್ಲ. ಎಲೆಯೇ ಅಪರೂಪವಾದ ಇಂದಿನ ಹಿತ್ತಲಿನಲ್ಲಿ ಇದ್ದುದನ್ನೆಲ್ಲ ಸುಟ್ಟರೆ ಹ್ಯೂಮಸ್ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಸಸಿ ಮಡಿಗೆ ಮತ್ತು ಬೀಜದ ಗುಂಡಿಗೆ ಬೇಕಾದಷ್ಟನ್ನು ಮಾತ್ರ, ಮುಳ್ಳು, ಗಂಟು ಬೇರು, ರೋಗ ಬಂದ ಬಳ್ಳಿ ಮುಂತಾದ ಬೇರೆ ಉಪಯೋಗಕ್ಕೆ ಬಾರದ ಕಸದಿಂದ ಮಾಡಿಕೊಳ್ಳುತ್ತೇನೆ.

ಬರಡಾದ ಮಣ್ಣು ಮೊದಲು ಗಿಡಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಂಡೆ ಮೊಣಕಾಲಿನ ಎತ್ತರಕ್ಕೆ ನಿಂತು ಹೂ ಬಿಡುತ್ತದೆ, ಅಲಸಂದೆಯ ಬಳ್ಳಿ ಚಪ್ಪರ ಮುಟ್ಟುವುದಿಲ್ಲ, ಎಳೆಯ ಸಸಿಗಳ ಎಲೆಯ ಅಡಿಯಲ್ಲಿ ನೇರಳೆ ಛಾಯೆ ಬರುತ್ತದೆ, ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಬೆಂಡೆಯ ಗಿಡವನ್ನು ಕಿತ್ತು ನೋಡಿದರೆ ಬೇರಿನ ತುಂಬ ಗಂಟುಗಳು ಕಾಣುವುದೂ ಉಂಟು, ಅದು ಜಂತುಹುಳುವಿನ ಕೆಲಸ, ಸಾವಯವ ಅಂಶ ಕಡಿಮೆಯಾದ ಮಣ್ಣಿನಲ್ಲಿ ಅದರ ಹಾವಳಿ ಹೆಚ್ಚು. ಆದರೆ ಗಿಡ ನೋಡಿ ಊಹಿಸುವುದಕ್ಕೆ ಮಿತಿಯಿದೆ, ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ಸೌಲಭ್ಯವಿದೆ. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ರಸಸಾರ (ಪಿಎಚ್; ಅದು ಇಳಿದಷ್ಟೂ ಮಣ್ಣು ಹೆಚ್ಚು ಹುಳಿ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಂಬ ಹನ್ನೆರಡು ಅಂಶಗಳನ್ನು ಅಳೆಯುತ್ತಾರೆ. ಮಾದರಿ ತೆಗೆಯುವಾಗ ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ವಿ ಆಕಾರದ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಚಕ್ಕೆಯನ್ನು ತೆಗೆಯಬೇಕು. ಎಂಟು ಹತ್ತು ಕಡೆಯಿಂದ ಹೀಗೆ ತೆಗೆದುದನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತ ಬಂದು, ಅರ್ಧ ಕಿಲೋ ಉಳಿದಾಗ ನೆರಳಿನಲ್ಲಿ ಒಣಗಿಸಿ ಕೊಡಬೇಕು. ಬೂದಿ ಸುರಿದ ಜಾಗ, ಗೊಬ್ಬರದ ರಾಶಿಯ ಬದಿ, ಮರದ ಬುಡ ಇವುಗಳನ್ನು ಬಿಡಬೇಕು, ಇಲ್ಲವಾದರೆ ವರದಿ ಆ ಒಂದು ಮೂಲೆಯದಾಗುತ್ತದೆ.

ಈ ವರದಿಯನ್ನು ಓದುವಾಗ ನಮ್ಮ ಸೀಮೆಯವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ಮೀರಿದರೆ ಹೆಚ್ಚು ಎಂದು ವರ್ಗೀಕರಿಸುತ್ತಾರೆ. ಹೆಚ್ಚು ಮಳೆಯ, ಮರಗಳಿರುವ ಜಾಗದಲ್ಲಿ 0.75 ದಾಟುವುದು ಅಪರೂಪವೇನಲ್ಲ. ಬರಡಾಗಿದ್ದ ನಮ್ಮ ಹಿತ್ತಲಿನದು ಕೂಡ ಕಡಿಮೆ ಎಂದಲ್ಲ, ಮಧ್ಯಮ ಎಂದೇ ಬಂದಿತ್ತು. ಆದರೆ ರಸಸಾರ ಐದರ ಆಸುಪಾಸು, ರಂಜಕ ಮತ್ತು ಪೊಟ್ಯಾಷ್ ಎರಡೂ ಕಡಿಮೆ. ಜೇಡಿಯ ನೆರವಿಲ್ಲದ ಮಣ್ಣಿಗೆ ಮಧ್ಯಮ ಎಂಬ ಇಂಗಾಲ ಸಾಲದು. ರಸಸಾರ 5.5ಕ್ಕಿಂತ ಇಳಿದಾಗ ಅಲ್ಯೂಮಿನಿಯಂ ಕರಗಿ ನೀರಿಗೆ ಬಂದು ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಬೇರು ಆಳಕ್ಕೂ ಅಗಲಕ್ಕೂ ಹೋಗದಿದ್ದರೆ ಗೊಬ್ಬರ ಪಕ್ಕದಲ್ಲೇ ಇದ್ದರೂ ಗಿಡ ಹಸಿದಿರುತ್ತದೆ.

ಹಾಗಾಗಿ ಕೆಲಸದ ಕ್ರಮ ನನಗೆ ಹೀಗೆ ತೋರುತ್ತದೆ: ಹೋಗುತ್ತಿರುವುದನ್ನು ಮೊದಲು ತಡೆಯಬೇಕು, ಆಮೇಲೆ ಹುಳಿ ತಗ್ಗಿಸಬೇಕು, ಗೊಬ್ಬರದ ಮಾತು ಅದರ ನಂತರ. ಬಹಳಷ್ಟು ಜನ ಮೂರನೆಯದರಿಂದ ಆರಂಭಿಸಿ ಹಣ ಖರ್ಚು ಮಾಡಿ ನಿರಾಶರಾಗುವುದನ್ನು ನೋಡಿದ್ದೇನೆ.

ಹೋಗುವುದನ್ನು ತಡೆಯುವುದೆಂದರೆ ಮಳೆ ನೇರವಾಗಿ ಬರಿಮಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು. ಹತ್ತನಾವಧಿಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ತರಕಾರಿ ಹಾಕದ ಪ್ರತಿಯೊಂದು ಮಡಿಯ ಮೇಲೂ ಹೊದಿಕೆ ಇರಬೇಕು. ಅಡಿಕೆಯ ಸೋಗೆ, ತುಂಡರಿಸಿದ ತೆಂಗಿನ ಮಡಲು, ಗೇರು ಮತ್ತು ಹಲಸಿನ ತರಗೆಲೆ, ಬೈಹುಲ್ಲು, ಏನಿದ್ದರೂ ಆಗುತ್ತದೆ. ಗೇರಿನ ಎಲೆ ಚೊಗರಿನಿಂದಾಗಿ ನಿಧಾನವಾಗಿ ಕೊಳೆಯುತ್ತದೆ ಎಂದು ಕೆಲವರು ಅದನ್ನು ದೂರ ಇಡುತ್ತಾರೆ. ಮಳೆಗಾಲದ ಹೊದಿಕೆಗೆ ಬೇಕಾದ ಗುಣವೇ ಅದು, ಸೆಪ್ಟೆಂಬರ್‌ವರೆಗೆ ಅದು ನೆಲವನ್ನು ಮುಚ್ಚಿಕೊಂಡು ಇರುತ್ತದೆ. ಇಳಿಜಾರಿಗೆ ಅಡ್ಡವಾಗಿ ಏರಿ ಹಾಕಿ, ಮಡಿಗಳನ್ನು ನೆಲದಿಂದ ಒಂದು ಗೇಣು ಎತ್ತರಿಸಿ, ನಡುವಿನ ಕಣಿಯಲ್ಲಿ ತೆಂಗಿನ ಸಿಪ್ಪೆಯನ್ನು ಕವುಚಿ ಹಾಸಿದರೆ ನೀರು ನಿಲ್ಲುವುದೂ ಇಲ್ಲ, ಕೊಚ್ಚಿಕೊಂಡು ಹೋಗುವುದೂ ಇಲ್ಲ. ಬೇಸಿಗೆಯಲ್ಲಿ ಅದೇ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟು ಪಕ್ಕದ ಮಡಿಯನ್ನು ತಂಪಾಗಿಡುತ್ತದೆ, ಕೊಳೆಯುತ್ತ ಹೋದಂತೆ ಪೊಟ್ಯಾಷನ್ನೂ ಬಿಡುತ್ತದೆ.

ಗೊಬ್ಬರ ಕೊಡುವ ಸಮಯವೂ ಇದೇ ಲೆಕ್ಕಕ್ಕೆ ಸೇರಿದ್ದು. ನೆರೆಯ ಮನೆಯ ಅಜ್ಜಿಯೊಬ್ಬರು ನಾನು ಜುಲೈಯಲ್ಲಿ ಗೊಬ್ಬರದ ಬುಟ್ಟಿ ಹೊತ್ತದ್ದನ್ನು ಕಂಡು, "ಆಟಿಯಲ್ಲಿ ಹಾಕಿದರೆ ಹೊಳೆಗೆ ಹಾಕಿದ ಹಾಗೆ ಮಗಾ, ಸ್ವಲ್ಪ ಸ್ವಲ್ಪವೇ ಬುಡಕ್ಕೆ ಕೊಡು, ಉಳಿದದ್ದನ್ನು ಸೋಣಕ್ಕೆ ಇಟ್ಟುಕೋ" ಎಂದರು. ಆಟಿ ಎಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳು, ಸೋಣ ಅದರ ಮುಂದಿನದು. ಅವರ ಮಾತಿನಲ್ಲಿ ಸತ್ಯವಿದೆ. ಮಳೆಗಾಲದ ಬಳ್ಳಿಗಳಿಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಬೊಗಸೆ ಸಾಕು. ದೊಡ್ಡ ಪ್ರಮಾಣದ ಗೊಬ್ಬರವನ್ನು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಲ್ಲಿ ಚಳಿಗಾಲದ ತರಕಾರಿಗೆ ಮಡಿ ಕಟ್ಟುವಾಗ ಸೇರಿಸುವುದು ಲೇಸು.

ಸುಣ್ಣದ ವಿಷಯಕ್ಕೆ ಬರುತ್ತೇನೆ, ಇದರ ಬಗ್ಗೆ ಮನೆಗಳಲ್ಲಿ ಹಿಂಜರಿಕೆ ಹೆಚ್ಚು. ಸುಣ್ಣ ಎಂದರೆ ಸುಡುತ್ತದೆ ಎಂಬ ಭಾವನೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಅನುಭವದಿಂದ ಬಂದದ್ದು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೃಷಿಸುಣ್ಣ ಸುಡದ ಕಲ್ಲಿನ ಪುಡಿ, ಬೇರನ್ನು ಸುಡುವುದಿಲ್ಲ. ಡಾಲಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಇರುವುದರಿಂದ ನಮ್ಮ ತೊಳೆದುಹೋದ ಮಣ್ಣಿಗೆ ನಾನು ಅದನ್ನೇ ಆರಿಸುತ್ತೇನೆ. ಅರಳಿಸಿದ ಚಿಪ್ಪುಸುಣ್ಣವನ್ನೇ ಬಳಸುವುದಾದರೆ ಪ್ರಮಾಣವನ್ನು ಮುಕ್ಕಾಲಕ್ಕೆ ಇಳಿಸಬೇಕು, ಏಕೆಂದರೆ 74 ಗ್ರಾಂ ಅರಳಿದ ಸುಣ್ಣ ಮಾಡುವ ಕೆಲಸಕ್ಕೆ ಕಲ್ಲಿನ ಪುಡಿ 100 ಗ್ರಾಂ ಬೇಕಾಗುತ್ತದೆ. ಎಷ್ಟು ಹಾಕಬೇಕೆಂಬುದನ್ನು ಪರೀಕ್ಷೆಯ ವರದಿಯೇ ಹೇಳಬೇಕು. ಹೆಕ್ಟೇರಿಗೆ ಎರಡು ಟನ್ ಎಂದು ಬರೆದಿದ್ದರೆ ಅದು ಒಂದು ಸೆಂಟ್ಸ್ ಜಾಗಕ್ಕೆ, ಅಂದರೆ ಎಕರೆಯ ನೂರನೇ ಒಂದು ಪಾಲಿಗೆ, ಸುಮಾರು 8 ಕಿಲೋ ಆಗುತ್ತದೆ. ಬೇಸಿಗೆಯ ಮೊದಲ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಎರಚಿ ಒಂದು ಗೇಣು ಆಳಕ್ಕೆ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಹಾಕಬೇಕು. ಸುಣ್ಣ ಮತ್ತು ಹಸಿ ಗೊಬ್ಬರ ಒಟ್ಟಿಗೆ ಸೇರಿದರೆ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ರಸಸಾರ ಆರರಿಂದ ಆರೂವರೆಯ ನಡುವೆ ಬಂದರೆ ಸಾಕು. ಅದಕ್ಕಿಂತ ಮೇಲೆ ಏರಿಸಿದರೆ ಸತು, ಮ್ಯಾಂಗನೀಸ್, ಬೋರಾನ್‌ಗಳು ಬೇರಿಗೆ ಸಿಗದಂತಾಗುತ್ತವೆ.

ಹುಳಿ ತಗ್ಗಿದ ಮೇಲೆ ಮಣ್ಣಿನಲ್ಲಿ ಸಿಕ್ಕಿಬಿದ್ದಿದ್ದ ರಂಜಕ ಒಂದಿಷ್ಟು ಬಿಡುಗಡೆಯಾಗುತ್ತದೆ. ಕೊಳೆಯುವ ಸೊಪ್ಪಿನಿಂದ ಬರುವ ಆಮ್ಲಗಳು ಕಬ್ಬಿಣದ ಹಿಡಿತದ ಜಾಗಗಳನ್ನು ತಾವೇ ಆಕ್ರಮಿಸಿಕೊಂಡು ರಂಜಕಕ್ಕೆ ದಾರಿ ಬಿಡಿಸುತ್ತವೆ. ಆದರೆ ಅಡಿಕೆ ತೋಟಗಳಲ್ಲಿ ಬಳಸುವ ರಾಕ್ ಫಾಸ್ಫೇಟನ್ನು, ಅಂದರೆ ರಂಜಕವಿರುವ ಕಲ್ಲಿನ ಪುಡಿಯನ್ನು, ನಾನು ಸುಣ್ಣ ಹಾಕಿದ ಮಡಿಗೆ ನೇರವಾಗಿ ಹಾಕುವುದಿಲ್ಲ. ಅದು ಕರಗುವುದಕ್ಕೆ ಹುಳಿಯೇ ಬೇಕು, ಸುಣ್ಣ ಆ ಹುಳಿಯನ್ನು ತೆಗೆದಿರುತ್ತದೆ. ಗೊಬ್ಬರದ ಗುಂಡಿ ತುಂಬಿಸುವಾಗ ಪದರಗಳ ನಡುವೆ ತೆಳುವಾಗಿ ಉದುರಿಸಿದರೆ ಕೊಳೆಯುವ ಕ್ರಿಯೆಯಲ್ಲೇ ಅದು ಹದಗೊಳ್ಳುತ್ತದೆ.

ಗೊಬ್ಬರ ಮಾಡುವ ವಿಧಾನಗಳ ಚರ್ಚೆಯಲ್ಲಿ ಎರಡು ಹೆಸರುಗಳು ನಮ್ಮ ದೇಶದ್ದೇ. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ಕಸ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳನ್ನು ಪದರ ಹಾಕಿ ಆಗಾಗ ಮಗುಚುತ್ತಾರೆ, ಮೂರು ತಿಂಗಳ ಹೊತ್ತಿಗೆ ಗೊಬ್ಬರ ಸಿಗುತ್ತದೆ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿಯಲ್ಲಿ ಪದರ ಹಾಕಿ ಮೇಲೆ ಕೆಸರುಮಣ್ಣು ಮೆತ್ತಿಬಿಡುತ್ತಾರೆ. ಮಗುಚುವ ಶ್ರಮವಿಲ್ಲ, ಸಾರಜನಕದ ನಷ್ಟವೂ ಕಡಿಮೆ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ನಮ್ಮ ಮಳೆಗೆ ತೆರೆದ ಗುಂಡಿ ಕೆರೆಯಾಗುತ್ತದೆ, ಸಾರವೆಲ್ಲ ಕಂದು ನೀರಾಗಿ ಬಸಿದು ಹೋಗುತ್ತದೆ. ಆದ್ದರಿಂದ ನೆಲದ ಮೇಲೆಯೇ, ಸೋಗೆಯ ಅಥವಾ ಶೀಟಿನ ಮಾಡಿನ ಕೆಳಗೆ ಒಟ್ಟುವುದು ಇಲ್ಲಿಗೆ ಸೂಕ್ತ. ಕೈಕಾಲು ಗಟ್ಟಿಯಿರುವವರು ಮಗುಚಲಿ, ಉಳಿದವರು ಮೆತ್ತಿ ಕಾಯಲಿ. ನಾನು ಮಳೆಗಾಲದಲ್ಲಿ ಎರಡನೆಯದನ್ನು, ಬೇಸಿಗೆಯಲ್ಲಿ ಮೊದಲನೆಯದನ್ನು ಅನುಸರಿಸುತ್ತೇನೆ.

ರಾಶಿಯ ಹದ ನಿಂತಿರುವುದು ಇಂಗಾಲ ಮತ್ತು ಸಾರಜನಕಗಳ ಅನುಪಾತದ ಮೇಲೆ. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಹಿತ. ಬೈಹುಲ್ಲಿನಲ್ಲಿ ಅದು 80ರ ಹತ್ತಿರ, ಮರದ ಹೊಟ್ಟಿನಲ್ಲಿ ಹಲವು ನೂರು, ಅಡುಗೆಮನೆಯ ತರಕಾರಿ ಕಸದಲ್ಲಿ ಮತ್ತು ಸಗಣಿಯಲ್ಲಿ 20ರ ಆಸುಪಾಸು. ಬರೀ ತರಗೆಲೆ ಹಾಕಿದರೆ ರಾಶಿ ಬಿಸಿಯೇರುವುದಿಲ್ಲ, ಬರೀ ಅಡುಗೆಮನೆ ಕಸ ಹಾಕಿದರೆ ನಾರುತ್ತದೆ. ಅರೆಕೊಳೆತ ಹೊಟ್ಟನ್ನೋ ತೆಂಗಿನ ನಾರಿನ ಪುಡಿಯನ್ನೋ ನೇರವಾಗಿ ಮಡಿಗೆ ಬೆರೆಸಿದರೆ ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ಎಳೆದುಕೊಂಡು ಗಿಡಗಳನ್ನು ಹಳದಿಗಟ್ಟಿಸುತ್ತವೆ. ಅವು ಮಣ್ಣಿನ ಮೇಲೆ ಹೊದಿಕೆಯಾಗಿ ಇರಲಿ, ಒಳಗೆ ಬೇಡ. ತೆಂಗಿನ ಮಡಲನ್ನು ಏನು ಮಾಡುವುದೆಂದು ತಿಳಿಯದೆ ಸುಡುವ ಮನೆಗಳು ಬಹಳ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಸ್ಥಳೀಯ ಯೂಡ್ರಿಲಸ್ ಜಾತಿಯ ಎರೆಹುಳುವಿನಿಂದ ಮಡಲನ್ನೂ ಗೊಬ್ಬರ ಮಾಡಬಹುದೆಂದು ತೋರಿಸಿ ವರ್ಷಗಳೇ ಆದವು. ಮಡಲಿನ ತೂಕದ ಹತ್ತನೇ ಒಂದು ಪಾಲು ಸಗಣಿ ಸಾಕು.

ಹಸಿರಿನ ಪಾಲಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯ, ಹಿತ್ತಲಿಗೆ ದೊಡ್ಡ ಆಸರೆ. ಬೇಲಿಯುದ್ದಕ್ಕೂ ಅದರ ಗೂಟ ನೆಟ್ಟರೆ ಚಿಗುರಿಕೊಳ್ಳುತ್ತದೆ, ವರ್ಷಕ್ಕೆ ಎರಡು ಮೂರು ಸಲ ಸವರಬಹುದು, ಒಣ ತೂಕದ ಶೇಕಡಾ ಮೂರರ ಹತ್ತಿರ ಸಾರಜನಕವಿರುವ ಅದರ ಸೊಪ್ಪು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಗುಡ್ಡದ ಸೊಪ್ಪು ಇಲ್ಲದಾದ ಮನೆಗೆ ಬೇಲಿಯೇ ಸಣ್ಣ ಗುಡ್ಡವಾಗಿ ಒದಗುತ್ತದೆ. ಹೊಂಗೆಯ ಹಿಂಡಿಯಲ್ಲಿ ಶೇಕಡಾ 4ರಷ್ಟು, ಬೇವಿನ ಹಿಂಡಿಯಲ್ಲಿ ಶೇಕಡಾ 5ರಷ್ಟು ಸಾರಜನಕವಿದೆ, ಬೇರುಗಂಟು ಇರುವ ಮಡಿಗೆ ಇವು ಹೆಚ್ಚು ಉಪಯುಕ್ತ. ಅಲ್ಲಿ ಒಂದು ಸರದಿ ಗೊಂಡೆಹೂವನ್ನು ಹತ್ತಿರ ಹತ್ತಿರ ಬೆಳೆದು ಮುಂದಿನ ಸರದಿಗೆ ಬೆಂಡೆ ಹಾಕುವುದು ಇನ್ನೂ ಒಳ್ಳೆಯದು.

ಜೀವಾಮೃತದ ಬಗ್ಗೆ ಕೇಳುವವರು ಬಹಳ, ಆದ್ದರಿಂದ ನನ್ನ ಅಭಿಪ್ರಾಯ ಹೇಳುತ್ತೇನೆ. ಒಂದು ಎಕರೆಗೆ ಹೇಳಿರುವ ಲೆಕ್ಕದಲ್ಲಿ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು, 200 ಲೀಟರ್ ನೀರು ಇರುತ್ತವೆ. ಇವೆಲ್ಲದರಲ್ಲಿರುವ ಸಾರಜನಕವನ್ನು ಕೂಡಿಸಿದರೆ ಹೆಚ್ಚೆಂದರೆ ಕಾಲು ಕಿಲೋ ಆಗುತ್ತದೆ. ಒಂದು ಸೆಂಟ್ಸ್ ಬೆಂಡೆಗೇ ಅರ್ಧ ಕಿಲೋದಷ್ಟು ಬೇಕು. ಹೊದಿಕೆ ದಪ್ಪವಾಗಿದ್ದು, ಸೊಪ್ಪು ಸಾಕಷ್ಟಿರುವ ನೆಲದಲ್ಲಿ ಅದು ಕೊಳೆಯುವ ಕ್ರಿಯೆಗೆ ಹುರುಪು ಕೊಡಬಹುದು. ಕೊಳೆಯುವುದಕ್ಕೇ ಏನೂ ಇಲ್ಲದ ಬರಿನೆಲಕ್ಕೆ ಅದನ್ನು ಸುರಿದು ಫಲ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ತರಕಾರಿಗೆ ಶಿಫಾರಸಾಗಿರುವ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರವನ್ನು ಸೆಂಟ್ಸಿಗೆ ಇಳಿಸಿದರೆ ನೂರು ಕಿಲೋ ಆಗುತ್ತದೆ, ಅದರ ಸಾರಜನಕದಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ಮೊದಲ ಬೆಳೆಗೆ ಸಿಗುತ್ತದೆ. ಈ ಪ್ರಮಾಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿಗಳ ಆಶ್ವಾಸನೆಗಳನ್ನು ತೂಗಿನೋಡುವುದೂ ಸುಲಭ.

ಹೊರಗಿನಿಂದ ತರಲಾಗದ್ದನ್ನು ಅಲ್ಲೇ ಬೆಳೆಸುವುದು ಇನ್ನೊಂದು ಉಪಾಯ. ಮಳೆಗಾಲದಲ್ಲಿ ಖಾಲಿ ಬಿಡುವ ಮಡಿಗಳಿಗೆ ಹಸಿರೆಲೆ ಗೊಬ್ಬರದ ಗಿಡಗಳಾದ ಡಯಂಚ ಅಥವಾ ಸೆಣಬಿನ ಬೀಜವನ್ನು ಒತ್ತಾಗಿ ಎರಚಿ, ಆರೇಳು ವಾರಗಳಲ್ಲಿ ಹೂ ಬಿಡುವ ಮೊದಲೇ ಕತ್ತರಿಸಿ ಅಲ್ಲೇ ಮಲಗಿಸುತ್ತೇನೆ. ಡಯಂಚ ನೀರು ನಿಂತರೂ ತಾಳುತ್ತದೆ, ಸೆಣಬಿಗೆ ನೀರು ಬಸಿಯುವ ಜಾಗ ಬೇಕು. ಒಂದು ಗಿಡ ಕಿತ್ತು ಬೇರಿನ ಗಂಟನ್ನು (ಇದು ಜಂತುಹುಳುವಿನದಲ್ಲ, ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳದು) ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು ಇರಬೇಕು. ಹಸಿರೋ ಬೂದುಬಣ್ಣವೋ ಇದ್ದರೆ ಅಲ್ಲಿ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿಲ್ಲ ಎಂದರ್ಥ, ನಮ್ಮಲ್ಲಿ ಅದಕ್ಕೆ ಕಾರಣ ಹೆಚ್ಚಾಗಿ ಹುಳಿಯೇ. ಇದು ಸುಣ್ಣದ ಅವಶ್ಯಕತೆಯನ್ನು ಯಂತ್ರವಿಲ್ಲದೆ ತೋರಿಸುವ ಪರೀಕ್ಷೆ. ಬೇಸಿಗೆಯಲ್ಲಿ ನೀರಿದ್ದರೆ ಅಲಸಂದೆ, ಇಲ್ಲದಿದ್ದರೆ ಹುರುಳಿ.

ಹೊಸದಾಗಿ ಮನೆ ಕಟ್ಟಿದವರ ಸ್ಥಿತಿ ನಮ್ಮದಕ್ಕಿಂತ ಕಠಿಣ. ಗುಡ್ಡವನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡುವಾಗ ಮೇಲ್ಮಣ್ಣು ಅಡಿಗೆ ಹೋಗಿ, ಮುರಕಲ್ಲಿನ ಕೆಳಗಿರುವ ಶೇಡಿಮಣ್ಣು ಮೇಲಕ್ಕೆ ಬರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಆ ಮಣ್ಣಿನಲ್ಲಿ ಬೆಳೆಗೆ ಬೇಕಾದದ್ದು ಏನೂ ಇಲ್ಲ, ಮಳೆಗೆ ಹಾಲಿನಂತೆ ಕರಗಿ ಹರಿಯುತ್ತದೆ. ಅದನ್ನು ತಿದ್ದುವ ಬದಲು ಅದರ ಮೇಲೆ ಮುರಕಲ್ಲು ಸುತ್ತಿಟ್ಟು ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಗದ್ದೆಯ ಮಣ್ಣು ಮತ್ತು ಗೊಬ್ಬರ ತುಂಬಿಸುವುದು ಒಳ್ಳೆಯದು. ಕಟ್ಟುವ ಮೊದಲೇ ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ತೆಗೆದಿರಿಸಲು ಯಂತ್ರದವರಿಗೆ ಹೇಳಿದರೆ ಅವರು ಒಂದೆರಡು ಗಂಟೆಯಲ್ಲಿ ಅದನ್ನು ಮಾಡಿಕೊಡುತ್ತಾರೆ.

ನಮ್ಮ ಹಿತ್ತಲಿನಲ್ಲಿ ಮೊದಲು ಬದಲಾದದ್ದು ಬೆಳೆಯಲ್ಲ. ಹೊದಿಕೆ ಎತ್ತಿ ನೋಡಿದಾಗ ಎರೆಹುಳುವಿನ ಹಿಕ್ಕೆಗಳು ಕಾಣಿಸಿದವು, ಮಳೆನಿಂತ ಮೇಲೆ ಕೆಸರಿನ ಪದರ ಗಟ್ಟಿಯಾಗುವುದು ನಿಂತಿತು, ನೀರು ಹಾಕುವ ಅಂತರ ಹೆಚ್ಚಿತು. ಹರಿವೆ ಮತ್ತು ಬಸಳೆ ಬೇಗ ಚೇತರಿಸಿಕೊಂಡವು, ಬೆಂಡೆ, ಬದನೆಗಳಿಗೆ ಹೆಚ್ಚು ಕಾಲ ಹಿಡಿಯಿತು. ಗೆರಟೆಯ ಇದ್ದಿಲನ್ನು ಪುಡಿ ಮಾಡಿ ಗಂಜಲದಲ್ಲಿ ನೆನೆಸಿ ಎರಡು ಮಡಿಗಳಿಗೆ ಬೆರೆಸಿದ್ದೇನೆ. ನಮ್ಮಂತೆಯೇ ತೊಳೆದುಹೋದ ಮಣ್ಣಿರುವ ಅಮೆಜಾನ್ ಕಾಡಿನಲ್ಲಿ ಪ್ರಾಚೀನ ಜನವಸತಿಗಳ ಸುತ್ತ ಇದ್ದಿಲು ಬೆರೆತ ಕಪ್ಪುಮಣ್ಣು ಶತಮಾನಗಳ ನಂತರವೂ ಫಲವತ್ತಾಗಿ ಉಳಿದಿರುವುದರಿಂದ ಈ ದಾರಿಯಲ್ಲಿ ನನಗೆ ಭರವಸೆಯಿದೆ.

ಈಗ ಉಳಿದಿರುವ ಕೊರತೆ ಗಂಜಲ ಮತ್ತು ಎಲೆಯದು. ದನ ಸಾಕುವಷ್ಟು ಜನ ಮನೆಯಲ್ಲಿಲ್ಲ. ಹಾಲಿನ ಸೊಸೈಟಿಗೆ ಹಾಲು ಹಾಕುವ ನೆರೆಮನೆಯವರಲ್ಲಿ ಗೋಬರ್ ಗ್ಯಾಸಿನ ಸ್ಲರಿ ಮಿಕ್ಕಿ ತೋಡಿಗೆ ಹೋಗುತ್ತಿದೆ. ಅವರ ಗೇರುಮರಗಳ ಎಲೆ ಮಾಘ, ಫಾಲ್ಗುಣದಲ್ಲಿ ರಾಶಿ ಬೀಳುತ್ತದೆ, ಇಷ್ಟು ವರ್ಷ ಅವರು ಅದನ್ನು ಗುಡಿಸಿ ಸುಡುತ್ತಿದ್ದರು. ಈ ವರ್ಷದಿಂದ ಎಲೆಯನ್ನು ನಾವು ಒಟ್ಟುಮಾಡಿ ಒಂದು ಪಾಲನ್ನು ಅವರ ಹಟ್ಟಿಗೆ ಹಾಸಲು ಕೊಡುವುದು, ಉಳಿದುದರ ಮೇಲೆ ಅವರ ಸ್ಲರಿಯನ್ನು ಸುರಿದು ನಮ್ಮ ಮಾಡಿನಡಿಯಲ್ಲಿ ಗೊಬ್ಬರ ಮಾಡಿ ಅರ್ಧರ್ಧ ಹಂಚಿಕೊಳ್ಳುವುದು ಎಂದು ಮಾತಾಗಿದೆ. ಅಕ್ಟೋಬರ್‌ನಲ್ಲಿ ಮಡಿ ಕಟ್ಟುವ ಹೊತ್ತಿಗೆ ಮೊದಲ ರಾಶಿ ಸಿದ್ಧವಾಗಬೇಕು, ಬರುವ ಏಪ್ರಿಲ್‌ನಲ್ಲಿ ಎರಡೂ ಹಿತ್ತಲುಗಳ ಮಣ್ಣನ್ನು ಒಟ್ಟಿಗೆ ಪರೀಕ್ಷೆಗೆ ಕೊಡುತ್ತೇವೆ.